ಆಟದ ಹುಡುಗಿಯು ಕಾಲೇಜಿಗೆ ಬರೆಯತಕ್ಕ ಕಾಗದ

ಹೆಬ್ಬಳ್ಳಿಯಿಂದ ಧಾರವಾಡವು ದೂರದ್ದಲ್ಲ. ಧಾರವಾಡದಲ್ಲಿ ಆ ಊರ ಹೆಸರಿನ ಅಗಸಿಯೇ ಇದೆ. ಆದರೂ ಹಳ್ಳಿಯ ಬಯಲಿನಲ್ಲಿ ಎಲ್ಲರಿಗಿಂತ ಮುಂದೆ ಓಡುವ ಹುಡುಗಿಯು ಹತ್ತನೆಯ ಇಯತ್ತೆ ತೀರಿದೊಡನೆ ಓಟವನ್ನೇ ಬಿಟ್ಟುಬಿಡುವದನ್ನು ನಾವು ಮೇಲಿಂದ ಮೇಲೆ ಕಾಣುತ್ತೇವೆ. ಬಡತನವೊಂದೇ ಇದಕ್ಕೆ ಕಾರಣವಲ್ಲ. ಆಟಗಾರ್ತಿಯರನ್ನು ಅರಸುವ ಸಂಸ್ಥೆಗಳುಂಟು; ಅವು ಆಕೆಗೆ ತಿಳಿಯವು, ಆಕೆ ಅವುಗಳಿಗೆ ತಿಳಿಯಳು.

ಮೂಡಬಿದಿರೆಯ ಆಳ್ವಾಸ್ ಸಂಸ್ಥೆಯು ಆಯ್ದ ಆಟಗಾರರಿಗೆ ಊಟ, ವಸತಿ, ವಿದ್ಯೆಗಳನ್ನು ಉಚಿತವಾಗಿ ಕೊಡುವದು ಅನೇಕರಿಗೆ ಗೊತ್ತಿದೆ. ಧಾರವಾಡದಲ್ಲಿಯೇ ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವಿದೆ. ಕಾಲೇಜುಗಳಲ್ಲಿ ಈ ವಿಷಯವನ್ನು ನೋಡಿಕೊಳ್ಳುವವರು ದೈಹಿಕ ಶಿಕ್ಷಣ ನಿರ್ದೇಶಕರು. ಕಾಗದವನ್ನು ಅವರ ಹೆಸರಿಗೇ ಬರೆಯತಕ್ಕದ್ದು. ಪರೀಕ್ಷೆಯ ಫಲವು ಬಂದ ಮೇಲೆ ಬರೆಯೋಣವೆಂದು ಕಾದರೆ ಆಯ್ಕೆಯೇ ಮುಗಿದುಹೋಗಿರಬಹುದು. ಆದುದರಿಂದ ಚಳಿಗಾಲದಲ್ಲಿಯೇ ಬರೆಯುವದು ಲೇಸು.

ಕಾಗದದಲ್ಲಿ ಏನಿರಬೇಕು? "ನಾನು ಚೆನ್ನಾಗಿ ಓಡುತ್ತೇನೆ" ಎಂಬ ಮಾತಿನಿಂದ ಯಾರಿಗೂ ಏನೂ ತಿಳಿಯದು. "800 ಮೀಟರ್ ಓಟ, 2 ನಿಮಿಷ 24 ಸೆಕೆಂಡು, ಇಂಥ ತಾರೀಖು, ಇಂಥ ಪಂದ್ಯ" ಎಂದರೆ ತರಬೇತುದಾರರಿಗೆ ಎಲ್ಲವೂ ತಿಳಿಯುವದು. ಹೋದ ವರ್ಷದ ಕಾಲಮಾನವನ್ನೂ ಕೂಡಿಸಬೇಕು, ಏಕೆಂದರೆ ಅವರು ನೋಡುವದು ಇಂದಿನ ವೇಗವನ್ನಷ್ಟೇ ಅಲ್ಲ, ಏರುತ್ತಿರುವ ವೇಗವನ್ನು. ಜನ್ಮದಿನ, ಎತ್ತರ, ಪರೀಕ್ಷೆಯ ಅಂಕಗಳು, ಶಾಲೆಯ ವ್ಯಾಯಾಮ ಶಿಕ್ಷಕರ ಹೆಸರು ಇವಿಷ್ಟು ಸಾಕು. ಖೋಖೋ, ಹಾಕಿ ಮೊದಲಾದ ಆಟಗಳಲ್ಲಿ ಅಂಕೆಗಳು ಸಾಲವು; ಎರಡು ಮೂರು ನಿಮಿಷಗಳ ವಿಡಿಯೋ ಕಳುಹಿಸಬೇಕು. ಅದಕ್ಕೆ ಸಂಗೀತವನ್ನು ಹಚ್ಚುವ ಕಾರಣವಿಲ್ಲ! ಮೊಣಕಾಲಿಗೆ ಪೆಟ್ಟಾಗಿದ್ದರೆ ಅದನ್ನು ಮುಚ್ಚಿಡಬಾರದು. ಒಂದೇ ಒಕ್ಕಣೆಯನ್ನು ಇಪ್ಪತ್ತು ಕಾಲೇಜುಗಳಿಗೆ ಕಳುಹಿಸಿದರೆ ಓದಿದವರಿಗೆ ಅದು ಕೂಡಲೇ ಗೊತ್ತಾಗುವದು.

ಕಾಗದವನ್ನು ಹುಡುಗಿಯೇ ಬರೆಯಲಿ. ತಂದೆಯು ಬರೆದದ್ದನ್ನು ಓದಿದವರು ಹುಡುಗಿಗೆ ಮನಸ್ಸಿದೆಯೋ ಇಲ್ಲವೋ ಎಂದು ಸಂಶಯಪಡುವರು. ಆದರೆ ಪ್ರತಿಯೊಂದು ಉತ್ತರವನ್ನೂ ತಾಯಿತಂದೆಗಳು ಓದಬೇಕು. ವಸತಿಗೃಹದಲ್ಲಿ ಮಹಿಳಾ ಮೇಲ್ವಿಚಾರಕರಿರುವರೇ, ಪಂದ್ಯಗಳಿಗೆ ಜತೆಯಲ್ಲಿ ಯಾರು ಹೋಗುವರು, ಗಾಯವಾದರೆ ವೆಚ್ಚವು ಯಾರದು ಎಂಬುದನ್ನು ನಾಚದೆ ಕೇಳತಕ್ಕದ್ದು. ಈ ಪ್ರಶ್ನೆಗಳಿಗೆ ಬೇಸರಪಡುವ ಸ್ಥಳಕ್ಕೆ ಮಗಳನ್ನು ಕಳುಹಿಸದಿರುವದೇ ಉತ್ತಮವೆಂದು ನಮ್ಮ ಮತ.

ಪರದೇಶಕ್ಕೂ ಇದೇ ಕ್ರಮವು. ಬೆಂಗಳೂರಿನ ಸಂಜನಾ ರಮೇಶರು ಅಮೇರಿಕೆಯ ಉತ್ತರ ಅರಿಜೋನಾ ವಿಶ್ವವಿದ್ಯಾಲಯದ ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡಿದರು. ಶಿಕ್ಷಣದಲ್ಲಿ ಹೆಣ್ಣುಗಂಡೆಂಬ ಭೇದವನ್ನು ನಿಷೇಧಿಸಿದ 1972ರ ಕಾಯಿದೆಯ ತರುವಾಯ ಅಲ್ಲಿಯ ಕಾಲೇಜುಗಳಲ್ಲಿ ಆಟವಾಡುವ ಹುಡುಗಿಯರ ಸಂಖ್ಯೆಯು ಬಹಳ ಬೆಳೆಯಿತು. ಅಲ್ಲಿ ಎನ್‌ಸಿಎಎ ಎಂಬ ಮಂಡಲಿಯು ತರಬೇತುದಾರರು ಎಂದಿನಿಂದ ಉತ್ತರ ಕೊಡಬಹುದೆಂದು ನಿಯಮಿಸಿದೆ; ಮೊದಲನೆಯ ವಿಭಾಗದ ಬಹುತೇಕ ಆಟಗಳಲ್ಲಿ ಹತ್ತನೆಯ ತರಗತಿಯ ತರುವಾಯದ ಜೂನ್ 15ರ ಮೊದಲು ಅವರು ಬರೆಯುವಂತಿಲ್ಲ. ಆದ್ದರಿಂದ ಉತ್ತರ ಬಾರದಿದ್ದರೆ ತಿರಸ್ಕಾರವೆಂದು ತಿಳಿಯಲಾಗದು. ಮೂರನೆಯ ವಿಭಾಗದ ಕಾಲೇಜುಗಳು ಆಟಕ್ಕಾಗಿ ವಿದ್ಯಾರ್ಥಿವೇತನವನ್ನು ಕೊಡುವದೇ ಇಲ್ಲ. ಕೊಡುವಲ್ಲಿಯೂ ಅದು ಪೂರ್ಣವೋ ಅಂಶಮಾತ್ರವೋ, ಒಂದು ವರ್ಷಕ್ಕೋ ನಾಲ್ಕಕ್ಕೋ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಹಣ ಕೊಟ್ಟರೆ ಸ್ಥಾನವು ನಿಶ್ಚಯವೆನ್ನುವ ಮಧ್ಯವರ್ತಿಗಳ ಮಾತಿಗೆ ಕಿವಿಗೊಡಬಾರದು; ತರಬೇತುದಾರರ ವಿಳಾಸಗಳು ಕಾಲೇಜುಗಳ ಜಾಲತಾಣಗಳಲ್ಲಿಯೇ ದೊರೆಯುವವು.

ಮೂರು ವಾರಗಳಲ್ಲಿ ಉತ್ತರವಿಲ್ಲದಿದ್ದರೆ ಹೊಸ ಪಂದ್ಯದ ಫಲವನ್ನು ತಿಳಿಸಿ ಇನ್ನೊಂದು ಚಿಕ್ಕ ಕಾಗದವನ್ನು ಬರೆಯಬಹುದು. ಕಾಲೇಜುಗಳಲ್ಲಿ ಆಡಿ ಬಂದ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಹುಡುಗಿಯರ ಕಾಗದಗಳನ್ನು ಒಮ್ಮೆ ಓದಿ ತಿದ್ದಿಕೊಟ್ಟರೆ ಬಹಳ ಉಪಕಾರವಾಗುವದು.