ಕೈಗೂ ಪಾಠ ಬೇಕು

“ಮಗನ ಕೈಗೆ ಎಣ್ಣೆಮಸಿ ಹತ್ತಬಾರದೆಂದೇ ಕಾಲೇಜಿಗೆ ಕಳುಹಿಸಿದ್ದೇನೆ” ಎಂದು ನಮ್ಮ ಗಿರಣಿಯ ಹಿರಿಯರೊಬ್ಬರು ಹೇಳಿದರು. ಅವರು ಪಟ್ಟ ಕಷ್ಟವನ್ನು ಬಲ್ಲೆ. ಆದರೂ ವಾಚಕ ಬಂಧುಗಳು ಇದನ್ನು ಸ್ವಲ್ಪ ವಿಚಾರಿಸಬೇಕು.

ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ 1906ರಲ್ಲಿ ಹರ್ಮನ್ ಶ್ನೈಡರ್ ಎಂಬವರು 27 ಇಂಜಿನಿಯರಿಂಗ್ ವಿದ್ಯಾರ್ಥಿಗಳೊಡನೆ ಹೊಸ ಕ್ರಮವೊಂದನ್ನು ಆರಂಭಿಸಿದರು: ಒಂದು ವಾರ ತರಗತಿ, ಮರುವಾರ ಕಾರ್ಖಾನೆ. ಒಬ್ಬನು ಪಾಠದಲ್ಲಿದ್ದಾಗ ಅವನ ಜೋಡಿಯವನು ಯಂತ್ರದ ಬಳಿ. ದುಡಿಮೆಗೆ ಕೂಲಿಯೂ ಉಂಟು. ನಮ್ಮ ದೇಶದಲ್ಲಿ ಪಿಲಾನಿಯ ಬಿರ್ಲಾ ತಾಂತ್ರಿಕ ಸಂಸ್ಥೆಯು 1973ರಿಂದ ವಿದ್ಯಾರ್ಥಿಗಳನ್ನು ಕಾರ್ಖಾನೆಗಳಿಗೆ ಕಳುಹಿಸಿ, ಆ ಕೆಲಸವನ್ನೂ ಪದವಿಗೆ ಗಣಿಸುತ್ತ ಬಂದಿದೆ.

ಪುಸ್ತಕವು ಯಂತ್ರದ ಚಿತ್ರವನ್ನು ತೋರಿಸೀತು. ಅದು ಕೆಟ್ಟಾಗಿನ ಸದ್ದನ್ನು ಯಂತ್ರವೇ ಕಲಿಸಬೇಕು. ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಇಂಥ ಕಲಿಕೆ ಅಲ್ಲಿ ಉಂಟೇ ಎಂದು ತಪ್ಪದೆ ಕೇಳಿರಿ. ಎಣ್ಣೆಮಸಿ ಸಾಬೂನಿಗೆ ಹೋಗುತ್ತದೆ; ಕೈಗೆ ಹತ್ತಿದ ವಿದ್ಯೆ ಹೋಗದು.