ಪಿಟೀಲಿಗೆ ರಿಬ್ಬನ್ ಮೈಕ್
ಪ್ರಶ್ನೆ: ಮನೆಯಲ್ಲೇ ಪಿಟೀಲು ರೆಕಾರ್ಡ್ ಮಾಡುತ್ತೇನೆ. ಕಂಡೆನ್ಸರ್ ಮೈಕಿನಲ್ಲಿ ನಾದ ಕಿವಿಗೆ ಚುಚ್ಚುತ್ತದೆ. ಅಗ್ಗದ ರಿಬ್ಬನ್ ಮೈಕ್ ಕೊಳ್ಳಲೇ?

ಉತ್ತರ: ಕೊಳ್ಳಿ. ತಾರಸ್ಥಾಯಿಯ ಚುಚ್ಚನ್ನು ರಿಬ್ಬನ್ ಚೆನ್ನಾಗಿ ಮೆದುವಾಗಿಸುತ್ತದೆ. ಎಂಎಕ್ಸ್‌ಎಲ್ ಆರ್144 ಕೇಳಿ ನೋಡಿ. ಆದರೆ ಅದಕ್ಕೂ ಮೊದಲು ನಿಮ್ಮ ಇಂಟರ್‌ಫೇಸ್ ಪರೀಕ್ಷಿಸಿ. ಸುಮಾರು 60 ಡೆಸಿಬೆಲ್ ಶುದ್ಧ ಗೇನ್ ಇಲ್ಲದಿದ್ದರೆ ಮೆಲುನಾದದ ಹಿಂದೆ ಹಿಸ್ ಸದ್ದು ಎದ್ದು ಕೇಳುತ್ತದೆ. ಆಗ 25 ಡೆಸಿಬೆಲ್ ಆಸುಪಾಸಿನ ಇನ್‌ಲೈನ್ ಬೂಸ್ಟರ್ ಬೇಕು, ಅದರ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ. ಬೂಸ್ಟರ್ ಇಲ್ಲದಾಗ 48 ವೋಲ್ಟ್ ಫ್ಯಾಂಟಮ್ ಆರಿಸಿಡಿ. ಕೇಬಲ್ ಕೆಟ್ಟಿದ್ದರೆ ರಿಬ್ಬನ್ ಹಾಳಾದೀತು.

ಈ ಮೈಕ್ ಹಿಂದಿನಿಂದಲೂ ಮುಂದಿನಷ್ಟೇ ಕೇಳಿಸಿಕೊಳ್ಳುತ್ತದೆ. ಹಿಂಬದಿಗೆ ದಪ್ಪ ಕಂಬಳಿ ತೂಗುಹಾಕಿ, ಬೀದಿಯ ಕಿಟಕಿ ಪಕ್ಕಕ್ಕೆ ಬರುವಂತೆ ತಿರುಗಿಸಿ, ಪಿಟೀಲಿನಿಂದ ಎರಡು–ಮೂರು ಅಡಿ ದೂರವಿಡಿ. ಊದಿ ಪರೀಕ್ಷಿಸಲೇಬೇಡಿ. ನಾದ ದಿಢೀರನೆ ಮಂಕಾದರೆ ಬಿಚ್ಚದೆ, ರಿಬ್ಬನ್ ಬದಲಿಸಬಲ್ಲ ತಂತ್ರಜ್ಞರಿಗೆ ಒಯ್ಯಿರಿ.