ಗ್ರಿಟ್ಸ್ ಎಂಬ ಮುಸುಕಿನ ಜೋಳದ ನುಚ್ಚು

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ, ಜಾರ್ಜಿಯಾ, ದಕ್ಷಿಣ ಕ್ಯಾರೊಲೈನಾ, ಮಿಸಿಸಿಪಿ ಮೊದಲಾದ ಸೀಮೆಗಳಲ್ಲಿ, ಬೆಳಗಿನ ಉಪಾಹಾರಕ್ಕೆ ಗ್ರಿಟ್ಸ್ ಎಂಬ ಅಡಿಗೆಯನ್ನು ಮಾಡುವ ವಾಡಿಕೆಯುಂಟು. ಇದು ಮುಸುಕಿನ ಜೋಳವನ್ನು ತರಿತರಿಯಾಗಿ ಬೀಸಿ ಬೇಯಿಸಿದ ನುಚ್ಚಲ್ಲದೆ ಬೇರೆಯಲ್ಲ. ಜೋಳದ ನುಚ್ಚನ್ನು ಮಜ್ಜಿಗೆಯೊಡನೆ ಉಣ್ಣುವ ನಮ್ಮ ಉತ್ತರದ ಜಿಲ್ಲೆಗಳ ತಾಯಂದಿರಿಗೆ ಇದರ ಕ್ರಮವನ್ನು ತಿಳಿಸುವುದು ಕಷ್ಟವಲ್ಲ. ಆದರೆ ಇದಕ್ಕೆ ಹಾಲನ್ನೂ ಚೀಸನ್ನೂ ಸೇರಿಸುವುದು ಕೇವಲ ನಾಲಿಗೆಯ ಚಾಪಲ್ಯಕ್ಕೆಂದು ಭಾವಿಸಲಾಗದು.

ಕಲ್ಲಿನಲ್ಲಿ ಬೀಸಿದ ತರಿ ಒಂದು ಅಳತೆಯಾದರೆ ನೀರು ಎರಡು, ಹಾಲು ಎರಡು ಅಳತೆ ಇರಬೇಕು. ತರಿಯನ್ನು ತಣ್ಣೀರಿನಲ್ಲಿ ಕದಡಿದರೆ ಹೊಟ್ಟು ಮೇಲಕ್ಕೆ ತೇಲುವುದು. ಅದನ್ನು ತೆಗೆದು ನೀರನ್ನು ಬಸಿಯತಕ್ಕದ್ದು. ಉಪ್ಪು ಬೆರೆಸಿದ ಹಾಲುನೀರು ಕುದಿಯುತ್ತಿರುವಾಗ ತರಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಎಡೆಬಿಡದೆ ಕಲಕಬೇಕು. ಒಮ್ಮೆಲೇ ಸುರಿದರೆ ಗಂಟು ಕಟ್ಟುವುದು. ಅನಂತರ ಉರಿಯನ್ನು ತಗ್ಗಿಸಿ, ಥೈಮ್ ಎಂಬ ಪರಿಮಳದ ಗಿಡದ ಒಂದು ಕಡ್ಡಿಯನ್ನು ಹಾಕಿ, ತಳ ಹಿಡಿಯದಂತೆ ಮರದ ಸೌಟಿನಿಂದ ತಿರುವುತ್ತ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಬೇಯಿಸಬೇಕು. ಗಟ್ಟಿಯಾದರೆ ಬಿಸಿನೀರು ಸೇರಿಸಬಹುದು. ಐದಾರು ನಿಮಿಷಗಳಲ್ಲೇ ಬೇಯುವ ಸಣ್ಣ ತರಿಯೂ ಪೊಟ್ಟಣಗಳಲ್ಲಿ ದೊರೆಯುತ್ತದೆ. ಅವಸರದವರಿಗೆ ಅದು ಸಾಕು, ರುಚಿಯನ್ನು ಮಾತ್ರ ಕೇಳಬಾರದು.

ಥೈಮ್ ಕಡ್ಡಿಯನ್ನು ತೆಗೆದು, ಪಾತ್ರೆಯನ್ನು ಇಳಿಸಿದ ಮೇಲೆಯೇ ಚೆಡ್ಡರ್ ಚೀಸಿನ ತುರಿಯನ್ನು ಒಂದು ಅಳತೆಯಷ್ಟು ಹಾಕಬೇಕು. ಉರಿಯ ಮೇಲೆ ಹಾಕಿದರೆ ಚೀಸಿನ ಸಸಾರಜನಕವು ಬಿಗಿದು ನಾರಾಗಿ, ಜಿಡ್ಡು ಬೇರೆಯಾಗುವುದು. ಕಡೆಗೆ ಬೆಣ್ಣೆ, ಕರಿಮೆಣಸಿನ ಪುಡಿ, ಹಸಿಯಾಗಿ ಕೊಚ್ಚಿದ ಪಾರ್ಸ್ಲಿ ಮತ್ತು ಚೈವ್ಸ್ ಎಂಬ ಈರುಳ್ಳಿ ಜಾತಿಯ ಎಲೆ.

ಇನ್ನು ಹಾಲು, ಚೀಸುಗಳ ಕಾರಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಸೀಮೆಯ ಬಡವರು ಮುಸುಕಿನ ಜೋಳ, ಕಾಕಂಬಿ, ಹಂದಿಯ ಕೊಬ್ಬುಗಳಲ್ಲೇ ಕಾಲಕಳೆಯುತ್ತಿದ್ದರು. ಪೆಲ್ಲಾಗ್ರ ಎಂಬ ವ್ಯಾಧಿ ಅವರನ್ನು ಹಿಡಿಯಿತು. ಬಿಸಿಲು ಬಿದ್ದ ಚರ್ಮ ಒರಟಾಗುವುದು, ಭೇದಿ, ಬುದ್ಧಿಭ್ರಮೆ, ಕಡೆಗೆ ಮರಣ. ಇದು ಅಂಟುರೋಗವೆಂದೇ ಅನೇಕ ವೈದ್ಯರ ಮತವಾಗಿತ್ತು. 1914ರಲ್ಲಿ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ಸರ್ಕಾರಿ ವೈದ್ಯರು ಮಿಸಿಸಿಪಿಯ ಜ್ಯಾಕ್ಸನ್ ನಗರದ ಎರಡು ಅನಾಥಾಲಯಗಳನ್ನು ಪರೀಕ್ಷಿಸಿದರು. ರೋಗವು ಹೆಚ್ಚಾಗಿ ಆರರಿಂದ ಹನ್ನೆರಡು ವರ್ಷದ ಮಕ್ಕಳಲ್ಲೇ ಇತ್ತು. ತೀರ ಚಿಕ್ಕವರಿಗೆ ಹಾಲು ಸಿಕ್ಕುತ್ತಿತ್ತು. ಕೆಲಸ ಮಾಡುವ ದೊಡ್ಡವರಿಗೆ ಮಾಂಸ ಸಿಕ್ಕುತ್ತಿತ್ತು. ನಡುವಣವರಿಗೆ ಎರಡೂ ಇಲ್ಲ. ಎಲ್ಲರಿಗೂ ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಕೊಡಿಸಿದಾಗ ರೋಗವು ನಿಂತಿತು. ಧರ್ಮಾರ್ಥದ ಮನೆಯಲ್ಲಿಯೂ ಹೊಟ್ಟೆ ತುಂಬಿದ ಮಗುವು ಹೀಗೆ ಸೊರಗಬಹುದೆಂಬುದು ವಸತಿಶಾಲೆ ನಡೆಸುವ ನಮ್ಮಂಥವರಿಗೆ ನಿದ್ದೆಗೆಡಿಸುವ ಸಂಗತಿ.

ಕೊರತೆಯಿದ್ದುದು ನಯಾಸಿನ್ ಎಂಬ ಜೀವಸತ್ವದ್ದೆಂದು 1937ರಲ್ಲಿ ಕಾನ್ರಡ್ ಎಲ್ವೆಹ್ಯೆಮ್ ಅವರ ಶೋಧನೆಯಿಂದ ತಿಳಿಯಿತು. ಮುಸುಕಿನ ಜೋಳದಲ್ಲಿ ಅದು ದೇಹಕ್ಕೆ ದಕ್ಕದಂತೆ ಬಂಧಿತವಾಗಿದೆ. ಅಲ್ಲಿಯ ಮೂಲನಿವಾಸಿಗಳು ಕಾಳನ್ನು ಬೂದಿಯ ಅಥವಾ ಸುಣ್ಣದ ನೀರಿನಲ್ಲಿ ಬೇಯಿಸಿ ಅದನ್ನು ಬಿಡಿಸಿಕೊಳ್ಳುತ್ತಿದ್ದರು. ಅವರಿಂದ ಜೋಳವನ್ನು ಕಲಿತವರು ಬಹುಮಟ್ಟಿಗೆ ಈ ಸಂಸ್ಕಾರವನ್ನು ಬಿಟ್ಟರು. ಹಾಲು, ಚೀಸುಗಳಲ್ಲಿರುವ ಟ್ರಿಪ್ಟೊಫೇನ್ ಎಂಬ ಅಂಶವನ್ನು ದೇಹವೇ ನಯಾಸಿನ್ ಆಗಿ ಮಾರ್ಪಡಿಸಿಕೊಳ್ಳುತ್ತದೆ. ನಮ್ಮ ದಕ್ಖನಿನಲ್ಲಿ ಬಿಳಿಜೋಳವೊಂದನ್ನೇ ನೆಚ್ಚಿದ ಬಡವರಲ್ಲಿಯೂ ಈ ವ್ಯಾಧಿಯುಂಟೆಂಬುದನ್ನು 1960ರಲ್ಲಿ ಗೋಪಾಲನ್ ಮತ್ತು ಶ್ರೀಕಾಂತಿಯಾ ಎಂಬ ವೈದ್ಯರು ವಿವರಿಸಿದರು.

ಉಳಿದ ಗ್ರಿಟ್ಸನ್ನು ತಟ್ಟೆಯಲ್ಲಿ ಹರವಿ ರಾತ್ರಿ ತಣ್ಣಗಿಟ್ಟರೆ ಗಟ್ಟಿಯಾಗುವುದು. ಮರುದಿನ ಬಿಲ್ಲೆಗಳಾಗಿ ಕೊಯ್ದು ಬೆಣ್ಣೆಯಲ್ಲಿ ಎರಡು ಮಗ್ಗುಲೂ ಕೆಂಪಗೆ ಹುರಿದು ಮಕ್ಕಳಿಗೆ ಕೊಡಬಹುದು.